ಹಿನ್ನೀರಿನ ದಡದಲ್ಲಿ ಎರಡು ಗಾಳ

ಶನಿವಾರ ಮಧ್ಯಾಹ್ನ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಸವದತ್ತಿಯ ದಿಕ್ಕಿಗೆ ಹೊರಡುವ ಕಾರುಗಳಲ್ಲಿ ಈಗ ಯಲ್ಲಮ್ಮನ ಭಕ್ತರು ಮಾತ್ರ ಇರುವುದಿಲ್ಲ. ಕೆಲವು ಕಾರುಗಳ ಡಿಕ್ಕಿಯಲ್ಲಿ ಮಡಚಿಟ್ಟ ಡೇರೆ, ಸಣ್ಣ ಗ್ಯಾಸ್ ಒಲೆ, ಮಕ್ಕಳ ಸ್ವೆಟರುಗಳ ಜತೆಗೆ ಅಂತರಜಾಲದ ಮೂಲಕ ತರಿಸಿದ ರೀಲ್ ಗಾಳವೂ ಇರುತ್ತದೆ. ಮಲಪ್ರಭೆಯ ಹಿನ್ನೀರಿನ ಅಂಚಿನಲ್ಲಿ ಒಂದು ರಾತ್ರಿ ಕಳೆದು, ಸಾಧ್ಯವಾದರೆ ಒಂದೆರಡು ಮೀನು ಹಿಡಿದು, ಭಾನುವಾರ ಸಂಜೆ ಮನೆ ಸೇರುವುದು ಈ ಭಾಗದ ಮಧ್ಯಮವರ್ಗದ ಕುಟುಂಬಗಳಿಗೆ ಹೊಸದಾಗಿ ಹತ್ತಿದ ರುಚಿ. ಇದನ್ನು ರೊಕ್ಕದ ಸೊಕ್ಕು ಎಂದು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಮಕ್ಕಳು ಒಂದು ರಾತ್ರಿಯಾದರೂ ಪರದೆಯ ಬದಲು ನೀರನ್ನು ನೋಡುತ್ತ ಕೂತರೆ ಅದು ಒಳ್ಳೆಯದೇ. ಆದರೆ ಈ ಕುಟುಂಬಗಳು ಯಾರನ್ನು ಕೇಳಿ ಅಲ್ಲಿ ಡೇರೆ ಹೂಡಿದವು, ಯಾರ ನೀರಿಗೆ ಗಾಳ ಹಾಕಿದವು ಎಂಬ ಪ್ರಶ್ನೆಗೆ ಸದ್ಯಕ್ಕೆ ದಡದಲ್ಲಿ ಉತ್ತರವಿಲ್ಲ. ಆ ಉತ್ತರವಿಲ್ಲದಿರುವುದರ ಬೆಲೆಯನ್ನು ತೆರುತ್ತಿರುವವರು ಬೇರೆಯವರು.

ಗಾಳದ ವಿನೋದವನ್ನು ಬಿಳಿಯರು ತಂದ ಚಟ ಎಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ಕ್ಕೆಂದೇ ಒಂದು ಅಧ್ಯಾಯವಿದೆ. ಸಮುದ್ರದ ಮೀನು, ಸಿಹಿನೀರಿನ ಮೀನು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರ ಹಾಕಿ ಪಳಗಿಸಬೇಕು, ಗಾಳದ ಹುರಿ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅರಸನೇ ವಿವರಿಸುತ್ತಾನೆ. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಬರೆದರು. ಸವದತ್ತಿ ಅಂದು ಸುಗಂಧವರ್ತಿ. ಅಲ್ಲಿ ಆಳುತ್ತಿದ್ದ ರಟ್ಟರು ಚಾಲುಕ್ಯರ ಸಾಮಂತರು. ಹಾಗಾಗಿ ಹೊಳೆಯ ದಡದಲ್ಲಿ ಗಾಳ ಹಿಡಿದು ಕೂರುವ ಸುಖದ ಬಗ್ಗೆ ನಮಗೆ ಯಾರೂ ಹೊರಗಿನಿಂದ ಬಂದು ಪಾಠ ಹೇಳಬೇಕಾಗಿಲ್ಲ.

ಆದರೆ ಸೋಮೇಶ್ವರನ ಗಾಳ ಅರಸನ ಗಾಳ. ಅದೇ ಹೊಳೆಯಲ್ಲಿ ಹೊಟ್ಟೆಗಾಗಿ ಮೀನು ಹಿಡಿಯುತ್ತಿದ್ದವನ ಕೈಯಲ್ಲಿದ್ದಾಗ ಅದಕ್ಕೆ ವಿನೋದವೆಂಬ ಹೆಸರು ಬಂದದ್ದನ್ನು ನಾನು ಕಾಣೆ. ಹನ್ನೆರಡನೆಯ ಶತಮಾನದ್ದೇ ಆದ ಅಂಬಿಗರ ಚೌಡಯ್ಯನ ಹೆಸರನ್ನು ವೇದಿಕೆಗಳ ಮೇಲೆ ಸ್ಮರಿಸುವ ನಾವು, ಅಂಬಿಗನ ಮಗ ಬಿದಿರು ಕಡ್ಡಿಗೆ ದಾರ ಕಟ್ಟಿಕೊಂಡು ಕೆರೆಯ ಕಟ್ಟೆಯ ಮೇಲೆ ಕೂತರೆ 'ಶಾಲೆ ತಪ್ಪಿಸಿದ ಪೋರ' ಎನ್ನುತ್ತೇವೆ. ಶಾಕಾಹಾರವನ್ನೇ ಸಭ್ಯತೆಯ ಗುರುತೆಂದು ನಂಬಿದ ನಮ್ಮ ಕಡೆಯ ಮನೆಗಳಲ್ಲಿ ಗಾಳ ಹಿಡಿದ ಹುಡುಗನಿಗೆ ಏಟು ಬೀಳುತ್ತಿದ್ದುದು ನನ್ನ ಪೀಳಿಗೆಯ ಅನೇಕರಿಗೆ ನೆನಪಿರಬಹುದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆ ದಂಡೆಯಲ್ಲಿ ದಿನಗಟ್ಟಲೆ ಕೂರುತ್ತಿದ್ದರು ಎಂಬುದನ್ನು ಓದಿ ಮೆಚ್ಚಿದ ಮೇಲೆಯೇ ಕನ್ನಡದ ಓದುಬರಹ ಬಲ್ಲ ವರ್ಗಕ್ಕೆ ಇದು ಮರ್ಯಾದೆಯ ಹವ್ಯಾಸವೆಂದು ತೋರಿತು. ಈಗ ಅದೇ ವರ್ಗ ರೀಲ್ ಗಾಳ ಹಿಡಿದು ಹಿನ್ನೀರಿಗೆ ಬಂದಿದೆ. ಬಿದಿರು ಕಡ್ಡಿಯ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಒಂದೇ ದಡದ ಮೇಲಿರುವ ಈ ಎರಡು ಗಾಳಗಳ ನಡುವಿನ ನ್ಯಾಯವೇ ಈ ಲೇಖನದ ವಿಷಯ.

ಮೊದಲು ಆ ನೀರಿನ ಕುರಿತು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಅಡ್ಡಗಟ್ಟು ಕಟ್ಟಿದ್ದು 1970ರ ದಶಕದ ಆರಂಭದಲ್ಲಿ. ರೇಣುಕಾಸಾಗರ ಎಂದು ಕರೆಯಲಾಗುವ ಈ ಜಲಾಶಯದ ಗರಿಷ್ಠ ಮಟ್ಟ 2079.50 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಕಾಲುವೆಗಳಿಗೆ ನೀರು, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ನೀರು ಇಲ್ಲಿಂದಲೇ. ಜಲಾಶಯ ತುಂಬದೆ ಉಳಿದ ವರ್ಷಗಳಿವೆ. 2019ರ ಆಗಸ್ಟಿನಲ್ಲಿ ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿದ ವರ್ಷವೂ ಇದೆ. ಈ ನೀರಿನ ಅಂಚು ಎಂದೂ ಒಂದೆಡೆ ನಿಲ್ಲುವುದಿಲ್ಲ. ದೀಪಾವಳಿಯ ಹೊತ್ತಿಗೆ ಡೇರೆ ಹೂಡಿದ ಜಾಗ ಯುಗಾದಿಯ ಹೊತ್ತಿಗೆ ನೀರಿನಿಂದ ಬಹು ದೂರದಲ್ಲಿರುತ್ತದೆ. ನಡುವೆ ತೆರೆದುಕೊಳ್ಳುವ ನೆಲ ಕಾಗದದಲ್ಲಿ ಸರ್ಕಾರದ್ದು; ರೂಢಿಯಲ್ಲಿ ಅದು ದನ ಮೇಯಿಸುವವರದು, ಬಲೆ ಒಣಗಿಸುವವರದು, ಒಂದು ಕಾಲಕ್ಕೆ ತಮ್ಮದೇ ಹೊಲವಾಗಿದ್ದನ್ನು ಮತ್ತೆ ನೋಡಲು ಬರುವ ಮುದುಕರದು.

ನೀರಿನೊಳಗಿನ ಮೀನೂ ತನ್ನಷ್ಟಕ್ಕೆ ಹುಟ್ಟಿ ಬೆಳೆದದ್ದಷ್ಟೇ ಅಲ್ಲ. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನಿಂದ ಬಂದ ತಳಿಗಳು. ನಮ್ಮ ಜಲಾಶಯಗಳಲ್ಲಿ ಅವು ಸಿಗುತ್ತಿರುವುದು ಮೀನುಗಾರಿಕೆ ಇಲಾಖೆ ಮೀನುಮರಿಗಳನ್ನು ಬಿತ್ತುತ್ತ ಬಂದದ್ದರಿಂದ. ಹೀಗೆ ಬಿತ್ತಿದ್ದನ್ನು ಹಿಡಿಯುವ ಹಕ್ಕಿಗೆ ಪರವಾನಗಿ ಅಥವಾ ಗುತ್ತಿಗೆಯ ಮೂಲಕ ಹಣ ಕಟ್ಟುವವರು ಸ್ಥಳೀಯ ಮೀನುಗಾರರು ಮತ್ತು ಅವರ ಸಹಕಾರ ಸಂಘಗಳು. ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು, ನಸುಕಿನಲ್ಲಿ ಎಳೆದು, ಬಿಸಿಲೇರುವ ಮುನ್ನ ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿಸುವ ಕೆಲಸ ಅವರದು. ಶನಿವಾರ, ಭಾನುವಾರವೆಂಬ ಭೇದ ಅದಕ್ಕಿಲ್ಲ.

ಎರಡು ವರ್ಷಗಳ ಹಿಂದೆ ಎಳ್ಳಮಾಸಿಯ ಮರುವಾರ ನಮ್ಮ ಕುಟುಂಬವೂ ಈ ಹಿನ್ನೀರಿಗೆ ಹೋಗಿತ್ತು. ಸಿರಸಂಗಿಯಲ್ಲಿರುವ ನನ್ನ ಸೋದರಮಾವನ ಮನೆಯಿಂದ ಬುತ್ತಿ ಬಂದಿತ್ತು: ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು. ಸವದತ್ತಿ ಸೀಮೆಯ ಒಕ್ಕಲುತನದ ಮನೆಗಳಿಗೆ ಸಂಸಾರಸಮೇತ ಹೊರಗೆ ಹೋಗಿ ಉಣ್ಣುವುದು ಹೊಸ ಸಂಗತಿಯಲ್ಲ. ಸೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಊಟಕ್ಕೆ ಕೂತ ನೆಲ ಯಾರದೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಮಾವ ಡೇರೆಯನ್ನು ನೋಡಿ ನಕ್ಕರು. ಜಾತ್ರೆಗೆ ಬಂದವರ ಹಾಗಾಯಿತು ಎಂದರು. ನನ್ನ ಹತ್ತು ವರ್ಷದ ಮಗ ಮಾತ್ರ ಸ್ವಲ್ಪ ದೂರದಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರ ಬಳಿಗೆ ಹೋಗಿ ಕೂತ. ಅವರು ಅವನಿಗೆ ತಮ್ಮ ಮೊಮ್ಮಗನ ಕಡ್ಡಿಗಾಳ ಕೊಟ್ಟು, ಜೋಳದ ಹಿಟ್ಟಿನ ಉಂಡೆ ಸಿಕ್ಕಿಸುವುದನ್ನು ತೋರಿಸಿ ಹೇಳಿದ್ದು ಇಷ್ಟು: "ಗಾಳಾ ಒಗದ್ರ ಸಾಕಾಗೂದಿಲ್ಲ ತಮ್ಮಾ, ಸುಮ್ಮನ ಕುಂಡರಾಕ ಬರಬೇಕು." ಮುಕ್ಕಾಲು ಗಂಟೆ ಅವನು ಮಾತಿಲ್ಲದೆ ಕೂತದ್ದನ್ನು ಅವನ ತಾಯಿ ಇಂದಿಗೂ ನಂಬುವುದಿಲ್ಲ.

ಆ ಹಿರಿಯರು ಹೆಣೆಯುತ್ತಿದ್ದುದು ಹೊಸ ಬಲೆಯಲ್ಲ, ಹರಿದ ಬಲೆ. ಹಿಂದಿನ ವಾರ ಬಂದಿದ್ದ ಗುಂಪೊಂದರ ಗಾಳ ರಾತ್ರಿ ಬಲೆಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಬಾರದೆ ಅವರು ಬಲೆಯನ್ನೇ ಕತ್ತರಿಸಿ ಹೋಗಿದ್ದರು. "ನಾವ್ ರೊಕ್ಕಾ ಕಟ್ಟಿ ಬಲಿ ಬಿಡತೇವ್ರಿ. ಬಂದು ಹೋಗೋರ್ನ ಕೇಳೋರ ಇಲ್ರಿ" ಎಂದರು, ದೂರುವ ದನಿಯಲ್ಲಿ ಅಲ್ಲ, ಹವಾಮಾನದ ಸಂಗತಿಯೊಂದನ್ನು ತಿಳಿಸುವವರಂತೆ. ಅವರ ಮೊಮ್ಮಗನನ್ನು ಕಡ್ಡಿಗಾಳ ಹಿಡಿದದ್ದಕ್ಕೆ ಒಮ್ಮೆ ಯಾರೋ ಗದರಿಸಿ ಓಡಿಸಿದ್ದರಂತೆ. ಡೇರೆಯವರನ್ನು ಮಾತ್ರ ಯಾರೂ ಓಡಿಸಿಲ್ಲ. ಊರಿಗೆ ಮರಳಿದ ಮೇಲೆ ಹವ್ಯಾಸಕ್ಕೆ ಗಾಳ ಹಾಕಲು ಪರವಾನಗಿ ಬೇಕೆ ಎಂದು ಸಂಬಂಧಪಟ್ಟ ಕಚೇರಿಯೊಂದರಲ್ಲಿ ವಿಚಾರಿಸಿದೆ. ಅಲ್ಲಿಂದ ಇನ್ನೊಂದು ಕಚೇರಿಗೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿದರು. ನೀರು ಒಬ್ಬರದು, ಮೀನು ಇನ್ನೊಬ್ಬರದು, ದಡ ಮೂರನೆಯವರದು. ಮೂವರೂ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ.

ಕಾನೂನೇ ಇಲ್ಲವೆಂದಲ್ಲ. ಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣಗಳಿಗಾಗಿ ಕರ್ನಾಟಕ 1996ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಕೊರತೆಯಿರುವುದು ದಡದಲ್ಲಿ. ಮಗುವನ್ನು ಕರೆದುಕೊಂಡು ಬಂದ ತಂದೆಗೆ ಇಲ್ಲಿ ಕೂರಬಹುದು, ಅಲ್ಲಿ ಕೂರಬಾರದು ಎಂದು ಹೇಳುವ ಒಂದು ಫಲಕ, ಒಬ್ಬ ಮನುಷ್ಯ ಇಲ್ಲ. ಜಲಾಶಯದ ನೀರು ಈಜುಕೊಳದ ನೀರಿನಂತಲ್ಲ. ಅದರಡಿಯಲ್ಲಿ ಮುಳುಗಿದ ಹೊಲದ ಒಡ್ಡುಗಳಿರುತ್ತವೆ, ಹಳೆಯ ಬಾವಿಗಳಿರುತ್ತವೆ, ಮಣ್ಣೆತ್ತಿದ ಗುಂಡಿಗಳಿರುತ್ತವೆ, ಮೊಣಕಾಲುದ್ದದ ಕೆಸರಿರುತ್ತದೆ. ಮೊಣಕಾಲುಮಟ್ಟ ಇದ್ದ ನೀರು ಮುಂದಿನ ಹೆಜ್ಜೆಗೆ ಆಳೆತ್ತರವಾಗುತ್ತದೆ. ಪ್ರವಾಸಕ್ಕೆ ಹೋದವರು ನೀರುಪಾಲಾದ ಸುದ್ದಿಯನ್ನು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಓದದ ಬೇಸಗೆಯಿಲ್ಲ. ಎಲ್ಲಿ ಒಡ್ಡು, ಎಲ್ಲಿ ಬಾವಿ ಎಂಬುದು ದಿನವೂ ತೆಪ್ಪ ಹಾಕುವವನಿಗೆ ಗೊತ್ತು. ಅವನನ್ನು ಕೇಳುವ ವ್ಯವಸ್ಥೆ ಮಾತ್ರ ಇಲ್ಲ. ಒಡೆದ ಬಾಟಲಿಯ ಮಾತನ್ನು ನಾನು ಬೆಳೆಸುವುದಿಲ್ಲ. ನೀರು ಇಳಿದ ಮೇಲೆ ಆ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವವರು ಯಾರು ಎಂಬುದನ್ನು ಓದುಗರು ಊಹಿಸಬಲ್ಲರು.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಪಾಠವಿದೆ. ಮಂಡ್ಯ ಜಿಲ್ಲೆಯ ಭೀಮೇಶ್ವರಿಯಲ್ಲಿ, ಕಾವೇರಿಯ ದಂಡೆಯ ಮೇಲೆ, ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳದ ಶಿಬಿರ ನಡೆಸುತ್ತಿತ್ತು. ಹಿಡಿದ ಮಹಸೀರ್ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿನ ನಿಯಮ. ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದ ಸುತ್ತಲಿನ ಹಳ್ಳಿಗಳ ಜನ ಅಲ್ಲಿ ಮಾರ್ಗದರ್ಶಕರಾದರು. ಮೀನು ಬದುಕಿದ್ದರೆ ತಮ್ಮ ಸಂಬಳವೂ ಬದುಕಿರುತ್ತದೆ ಎಂಬ ಲೆಕ್ಕ ಅವರಿಗೆ ಬೇಗ ಅರ್ಥವಾಯಿತು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಅಂಥ ಮೀನಿನ ವಂಶ ಡೈನಮೈಟಿಗೆ ಬಲಿಯಾಗುತ್ತಿದ್ದ ಕಾಲದಲ್ಲಿ ಶಿಬಿರದ ಸುತ್ತಮುತ್ತಲಿನ ನೀರು ಕಾವಲಿದ್ದ ನೀರಾಯಿತು. ಆದರೆ ಆ ನದಿಭಾಗ ವನ್ಯಜೀವಿಧಾಮಕ್ಕೆ ಸೇರಿದ್ದು. ಧಾಮದೊಳಗೆ ಗಾಳ ಸಲ್ಲದೆಂಬ ಕಾನೂನಿನ ನಿಲುವು 2010ರ ದಶಕದ ಆರಂಭದಲ್ಲಿ ಜಾರಿಗೆ ಬಂದು ಅಲ್ಲಿ ಗಾಳ ನಿಂತಿತು. ಶಿಬಿರಗಳು ಪ್ರಕೃತಿ ಶಿಬಿರಗಳಾಗಿ ಉಳಿದವು. ಕಾವೇರಿಯ ಆ ಡುಬ್ಬದ ಮಹಸೀರನ್ನು ವಿಜ್ಞಾನಿಗಳು ಖಚಿತವಾಗಿ ಗುರುತಿಸಿ, ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದ್ದು 2018ರಲ್ಲಿ. ಗಾಳ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಳಿವಿನಂಚಿನ ಮೀನಿರುವ ಧಾಮದ ವಿಷಯದಲ್ಲಿ ಎಚ್ಚರದ ಪಕ್ಷವೇ ಸರಿ ಎಂದು ನನ್ನ ಅನಿಸಿಕೆ. ಆದರೆ ಕಾಟ್ಲಾ, ರೋಹು ಬಿತ್ತಿ ಬೆಳೆಯುವ ರೇಣುಕಾಸಾಗರಕ್ಕೆ ಆ ವಾದ ಅನ್ವಯಿಸುವುದಿಲ್ಲ. ಅನ್ವಯಿಸುವುದು ಶಿಬಿರದ ಇನ್ನೊಂದು ಪಾಠ: ದಡವನ್ನು ಬಲ್ಲವನಿಗೆ ದಡದಿಂದ ಸಂಪಾದನೆಯಾದರೆ ಅವನೇ ಅದರ ಕಾವಲುಗಾರ.

ಹೊರದೇಶಗಳ ಪದ್ಧತಿಯನ್ನೂ ನೋಡಬಹುದು. ಫಿನ್ಲೆಂಡಿನಲ್ಲಿ ರೀಲ್ ಇಲ್ಲದ ಸಾದಾ ಕೋಲು, ದಾರ, ಕೊಕ್ಕೆಯಿಂದ ಮೀನು ಹಿಡಿಯುವುದು ಕೆಲವು ನಿಷೇಧಿತ ಜಾಗಗಳನ್ನು ಬಿಟ್ಟರೆ ಎಲ್ಲರಿಗೂ ಸಿಕ್ಕ ಹಕ್ಕು, ಅದಕ್ಕೆ ಶುಲ್ಕವಿಲ್ಲ. ರೀಲ್ ಬಳಸುವ ವಯಸ್ಕರು ಸರ್ಕಾರಕ್ಕೆ ಹಣ ಕಟ್ಟಬೇಕು. ಅಮೆರಿಕದಲ್ಲಿ 1950ರ ಕಾಯ್ದೆಯೊಂದರ ಪ್ರಕಾರ ಗಾಳ, ರೀಲ್ ಮುಂತಾದ ಸಲಕರಣೆಗಳ ಮೇಲಿನ ತೆರಿಗೆ ನೇರವಾಗಿ ಮೀನುಸಂಪತ್ತಿನ ಪುನರುಜ್ಜೀವನಕ್ಕೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಅಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳು ಸರ್ಕಾರಿ ಉದ್ಯಾನದಲ್ಲಿ ಡೇರೆಯ ಜಾಗಕ್ಕೆ ಮುಂಗಡ ಹಣ ಕಟ್ಟಿ, ಗಾಳದ ಪರವಾನಗಿ ಕೊಂಡು, ಕಸವನ್ನು ಗುರುತಿಸಿದ ಜಾಗದಲ್ಲೇ ಹಾಕಿ ಬರುತ್ತವೆ. ಅವರೇ ರಜೆಗೆ ಊರಿಗೆ ಬಂದಾಗ ಹಿನ್ನೀರಿನ ಬದಿಯಲ್ಲಿ ಬೇರೆ ಮನುಷ್ಯರಂತೆ ವರ್ತಿಸುವುದು ಸ್ವಭಾವದ ದೋಷವಲ್ಲ. ಅಲ್ಲಿ ಕೇಳುವವರಿದ್ದಾರೆ, ಇಲ್ಲಿಲ್ಲ.

ಫಿನ್ಲೆಂಡಿನ ಆ ಭೇದವನ್ನು ನಮ್ಮ ಹಿನ್ನೀರಿಗೆ ಒಗ್ಗಿಸಿಕೊಳ್ಳಬಹುದು. ಕಡ್ಡಿಗಾಳ ಎಲ್ಲರಿಗೂ ಮುಕ್ತವಾಗಿರಲಿ. ಊರ ಹುಡುಗ ಅದನ್ನು ಹಿಡಿದು ಕೂತರೆ ಯಾರೂ ಓಡಿಸಬಾರದು. ರೀಲ್ ಗಾಳಕ್ಕೆ ಮತ್ತು ರಾತ್ರಿಯ ಡೇರೆಗೆ ಶುಲ್ಕವಿರಲಿ. ಆ ಶುಲ್ಕ ಖಜಾನೆಗೆ ಹೋಗದೆ ಅಲ್ಲಿ ಬಲೆ ಬಿಡುವ ಮೀನುಗಾರರ ಸಂಘಕ್ಕೆ ಸೇರಲಿ. ಬಲೆ ಬಿಡುವ ಜಾಗ ಬಿಟ್ಟು, ಕುಡಿಯುವ ನೀರೆತ್ತುವ ಸ್ಥಾವರದಿಂದ ದೂರದಲ್ಲಿ, ತಗ್ಗು-ದಿಣ್ಣೆಗಳನ್ನು ಬಲ್ಲ ಮೀನುಗಾರರೇ ಗುರುತು ಹಾಕಿಕೊಟ್ಟ ಎರಡು ಮೂರು ದಡಗಳು ಸಾಕು. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಎಲ್ಲ ಬಗೆಯ ಗಾಳಕ್ಕೂ ರಜೆ. ಬಾಡಿಗೆಗೆ ನಾಲ್ಕು ಜೀವರಕ್ಷಕ ಜಾಕೆಟ್, ಒಂದು ತೆಪ್ಪ, ಊಟ ಬೇಕೆಂದವರಿಗೆ ಮೀನುಗಾರರ ಮನೆಯ ರೊಟ್ಟಿ-ಸಾರು. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಕೋಟಿಗಳ ಯೋಜನೆ ಬಂದರೇ ನನಗೆ ಭಯ. ಅದರ ಹಿಂದೆಯೇ ದಡದ ಗುತ್ತಿಗೆ ಬರುತ್ತದೆ, ಗುತ್ತಿಗೆಯ ಹಿಂದೆ ತಂತಿಬೇಲಿ ಬರುತ್ತದೆ, ಕಡ್ಡಿಗಾಳದ ಹುಡುಗ ಬೇಲಿಯ ಹೊರಗೆ ನಿಲ್ಲುತ್ತಾನೆ.

ನೀರಿಗೆ ಸಂಬಂಧಿಸಿದ ಶುಲ್ಕವೆಂದರೆ ಮಲಪ್ರಭೆಯ ಸೀಮೆ ಬೆಚ್ಚುವುದು ಸಹಜ. ನರಗುಂದ, ನವಲಗುಂದದ ರೈತರು 1980ರ ಜುಲೈಯಲ್ಲಿ ಗುಂಡೇಟು ತಿಂದದ್ದರ ಹಿಂದೆ ಇದ್ದುದು ಇದೇ ಜಲಾಶಯದ ನೀರಿನ ಮೇಲೆ ಹೇರಿದ ಕರ. ಆದರೆ ಅಂದು ಕೇಳಿದ್ದು, ಕಾಲುವೆಯಲ್ಲಿ ನೀರೇ ಕಾಣದ ರೈತನನ್ನು. ಇಂದು ಕೇಳಬೇಕಾದದ್ದು ಇಂಧನಕ್ಕೆ ಸಾವಿರಗಟ್ಟಲೆ ಸುರಿದು ಬರುವ ನನ್ನಂಥವರನ್ನು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ಆಕ್ಷೇಪ ನನ್ನ ಮನೆಯೊಳಗಿನದೇ: ಕೊಂದು ತಿನ್ನುವ ಅಗತ್ಯವಿಲ್ಲದವರು ವಿನೋದಕ್ಕಾಗಿ ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವುದು ಸರಿಯೇ? ಇದು ಹಗುರವಾದ ಪ್ರಶ್ನೆಯಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ಮೀನುಗಳಿವೆ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದಾಗ ಸತ್ತ ಮೀನುಗಳಿಗಾಗಿ ಊರವರು ಸ್ಮಾರಕವನ್ನೇ ನಿಲ್ಲಿಸಿದರು. ಮೀನಿಗೆ ಅಳುವ ಸಂಸ್ಕೃತಿಯೂ ನಮ್ಮದೇ. ಹಿಡಿದು ಬಿಡುವುದಕ್ಕಿಂತ, ಉಣ್ಣುವಷ್ಟನ್ನು ಹಿಡಿದು ಉಣ್ಣುವುದೇ ಹೆಚ್ಚು ಪ್ರಾಮಾಣಿಕ ಎಂದು ನನಗೆ ತೋರುತ್ತದೆ. ಉಣ್ಣದ ಮನೆಯವರು ನಮ್ಮ ಹಾಗೆ ರೊಟ್ಟಿ-ಚಟ್ನಿ ತಿಂದು, ಹಿಟ್ಟಿನ ಉಂಡೆಯನ್ನು ಕೊಕ್ಕೆಯಿಲ್ಲದೆ ನೀರಿಗೆ ಹಾಕಿ ಮೀನುಗಳನ್ನು ನೋಡಬಹುದು. ಸೋಮೇಶ್ವರನ ಅಧ್ಯಾಯದಲ್ಲೂ ಮೀನು ಹಿಡಿಯುವುದರಷ್ಟೇ ಮಹತ್ವ ಮೀನಿಗೆ ಉಣಿಸುವುದಕ್ಕಿದೆ.

ಸಿರಸಂಗಿಗೆ ಹೋದವರು ಕಾಳಿಕಾದೇವಿಯ ಗುಡಿಯನ್ನು ನೋಡುತ್ತಾರೆ, ತ್ಯಾಗವೀರ ಲಿಂಗರಾಜ ದೇಸಾಯಿಯವರ ವಾಡೆಯನ್ನೂ ನೋಡುತ್ತಾರೆ. 1906ರಲ್ಲಿ ತೀರಿಕೊಂಡ ಆ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಖಾಸಗಿ ಆಸ್ತಿಯನ್ನು ಸಾರ್ವಜನಿಕ ಮಾಡಿದವರ ಸೀಮೆಯಲ್ಲಿ, ಮೊದಲಿನಿಂದ ಸಾರ್ವಜನಿಕವಾಗಿಯೇ ಇರುವ ದಡವೊಂದಕ್ಕೆ ನಾಲ್ಕು ನಿಯಮ ಬರೆಯುವುದು ಕಷ್ಟವಾಗಬಾರದು. ನೀರಾವರಿ, ಮೀನುಗಾರಿಕೆ, ಪ್ರವಾಸೋದ್ಯಮ ಇಲಾಖೆಗಳನ್ನು ಮೀನುಗಾರರ ಸಂಘದೊಂದಿಗೆ ಒಂದು ದಿನ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ದೀಪಾವಳಿಗೆ ಮುಂಚೆ ಆ ಸಭೆ ನಡೆದರೆ ಡೇರೆಗಳ ಕಾಲಕ್ಕೆ ರಸೀದಿ ಪುಸ್ತಕ ಅಚ್ಚಾಗಿರುತ್ತದೆ. ರಸೀದಿಯ ಹಿಂಬದಿಯಲ್ಲಿ ಮೂರು ಸಂಗತಿಗಳಿಗೆ ಜಾಗ ಸಾಕು: ಬಲೆ ಬಿಡುವ ಹೊತ್ತು, ಇಳಿಯಬಾರದ ಕಡೆಗಳ ನಕ್ಷೆ, ಮತ್ತು ಆ ರಾತ್ರಿ ತೆಪ್ಪದ ಸರದಿಯಲ್ಲಿರುವವರ ದೂರವಾಣಿ ಸಂಖ್ಯೆ.